ಸಭೆಯೂ ಪೀಠವೂ

ಕ್ರೈಸ್ತರ ಪೂಜಾಮಂದಿರಕ್ಕೂ ಅವರ ಧಾರ್ಮಿಕ ಸಂಸ್ಥೆಗೂ ಕನ್ನಡದಲ್ಲಿ ಸಲ್ಲುವ ಶಬ್ದಗಳು ಒಂದೆರಡಲ್ಲ. ಕರಾವಳಿಯವರು ‘ಇಗರ್ಜಿ’ ಎನ್ನುತ್ತಾರೆ; ಅದು ಪೋರ್ತುಗೀಜರ ‘ಇಗ್ರೇಜ’ದಿಂದ ಬಂದದ್ದು. ಪೇಟೆಯವರು ‘ಚರ್ಚು’ ಎನ್ನುತ್ತಾರೆ. ಅದು ಇಂಗ್ಲಿಷರಿಂದ ಬಂದದ್ದು. ಕನ್ನಡ ಕಥೋಲಿಕರು ತಮ್ಮ ಪ್ರಾರ್ಥನೆಯ ಪುಸ್ತಕಗಳಲ್ಲಿ ಬಳಸುವ ಶಬ್ದವಾದರೋ ‘ಧರ್ಮಸಭೆ’. ಮೂಲ ಗ್ರೀಕಿನ ‘ಎಕ್ಲೇಸಿಯಾ’ ಎಂಬ ಮಾತಿಗೆ ಕರೆಯನ್ನು ಕೇಳಿ ಕೂಡಿದ ಜನರ ಸಭೆಯೆಂದೇ ಅರ್ಥವಿರುವುದರಿಂದ ಈ ಅನುವಾದ ಸಾರ್ಥಕವಾದದ್ದೆಂದು ಹೇಳಬೇಕು. ಆದರೆ ಅದೇ ಪುಸ್ತಕಗಳಲ್ಲಿ ರೋಮಿನ ಪೋಪರಿಗೆ ಸಲ್ಲುತ್ತ ಬಂದಿರುವ ಹೆಸರು ‘ಜಗದ್ಗುರು’. ಇದು ನಮ್ಮ ಪೀಠಗಳ ಪರಂಪರೆಯಿಂದ ಎತ್ತಿಕೊಂಡ ಬಿರುದು. ಹೀಗೆ ಒಂದೇ ಸಂಸ್ಥೆಗೆ ಕನ್ನಡವು ಕೊಟ್ಟ ಎರಡು ಶಬ್ದಗಳಲ್ಲಿ ಒಂದು ಸಭೆಯನ್ನು ನೆನಪಿಗೆ ತರುತ್ತದೆ, ಇನ್ನೊಂದು ಪೀಠವನ್ನು. ಕಥೋಲಿಕ ಧರ್ಮಸಭೆಯ ಸ್ವರೂಪವೇನು, ಅದರ ಅಧಿಕಾರ ಎಲ್ಲಿಂದ ಬಂದದ್ದು, ಅದರ ಮೇರೆ ಯಾವುದು ಎಂದು ಇಂದು ಜಗತ್ತಿನಾದ್ಯಂತ ನಡೆದಿರುವ ಚರ್ಚೆಯೆಲ್ಲವೂ ಈ ಎರಡು ಶಬ್ದಗಳ ಸಂಬಂಧವನ್ನು ಕುರಿತದ್ದೇ ಆಗಿದೆ.

೨೦೨೧ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಆರಂಭಿಸಿದ ಮಹಾಸಮಾಲೋಚನೆ ಮೂರು ವರುಷ ನಡೆದು, ೨೦೨೪ರ ಅಕ್ಟೋಬರ್ ೨೬ರಂದು ಅದರ ಅಂತಿಮ ದಸ್ತಾವೇಜು ಅಂಗೀಕೃತವಾಯಿತು. ಇಂತಹ ಸಮಾವೇಶಗಳು ಮುಗಿದ ಮೇಲೆ ಪೋಪರು ತಮ್ಮದೇ ಒಂದು ಬೋಧಪತ್ರವನ್ನು ಹೊರಡಿಸುವುದು ವಾಡಿಕೆ. ಫ್ರಾನ್ಸಿಸ್ ಅವರು ಹಾಗೆ ಮಾಡದೆ, ಸಭೆಯ ಮಾತನ್ನೇ ತಮ್ಮ ಮಾತೆಂದು ಒಪ್ಪಿ ಪ್ರಕಟಿಸಿದರು. ೨೦೨೫ರ ಏಪ್ರಿಲ್ ೨೧ರಂದು ಅವರು ತೀರಿಕೊಂಡರು. ಮೇ ೮ರಂದು ಹದಿನಾಲ್ಕನೆಯ ಲಿಯೋ ಎಂಬ ಹೆಸರಿನಿಂದ ಹೊಸ ಪೋಪರು ಪೀಠವನ್ನೇರಿದರು. ದಸ್ತಾವೇಜಿನಲ್ಲಿದ್ದುದನ್ನು ಊರೂರಿನ ಆಚರಣೆಗೆ ತರುವ ಹೊಣೆ ಈಗ ಅವರ ಕಾಲಕ್ಕೆ ಬಂದಿದೆ.

ಕುಂದಗೋಳ ತಾಲೂಕಿನ ಕುಬಿಹಾಳದಂತಹ ಎರೆಭೂಮಿಯ ಊರಲ್ಲಿ ಕುಳಿತು ರೋಮಿನ ವಿಚಾರವನ್ನು ಆಡುವುದೇತಕ್ಕೆ ಎಂದು ವಾಚಕರು ಕೇಳಬಹುದು. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಗುರುವಿನ ಅಧಿಕಾರ ಎಲ್ಲಿಂದ ಬಂತು ಎಂಬ ಪ್ರಶ್ನೆ ನಮಗೆ ಹೊಸದಲ್ಲ. ಪಂಚಪೀಠಗಳ ಪರಂಪರೆಯು ಆಚಾರ್ಯರ ಪೀಠಕ್ಕೆ ಹಿರಿಮೆಯನ್ನು ಕೊಡುತ್ತದೆ. ವಿರಕ್ತರ ಪರಂಪರೆಯು ತನ್ನ ಮೂಲವನ್ನು ಅನುಭವ ಮಂಟಪದಲ್ಲಿಯೂ ಅಲ್ಲಮಪ್ರಭುವಿನ ಶೂನ್ಯಸಿಂಹಾಸನದಲ್ಲಿಯೂ ಕಾಣುತ್ತದೆ. ಪೀಠ ಮೊದಲೋ ಶರಣರ ಗೋಷ್ಠಿ ಮೊದಲೋ ಎಂಬ ವಾದವನ್ನು ಈ ಭಾಗದ ಜನ ತಲೆಮಾರುಗಳಿಂದ ಕೇಳುತ್ತ ಬಂದಿದ್ದಾರೆ. ಎರಡನೆಯ ಕಾರಣ ಚರಿತ್ರೆಗೆ ಸೇರಿದ್ದು. ಕಥೋಲಿಕರಲ್ಲಿ ಅಧಿಕಾರದ ಪ್ರಶ್ನೆ ತೀರ ಕಹಿಯಾಗಿ ಎದ್ದ ಪ್ರಸಂಗಗಳಲ್ಲಿ ಒಂದು ನಮ್ಮ ನೆಲದ ಹೆಸರಿಗೇ ಅಂಟಿಕೊಂಡಿದೆ. ಅದನ್ನು ಹೇಳುವ ಮುನ್ನ ಬೋಧನೆಯ ಸಾರವನ್ನು ತಿಳಿದುಕೊಳ್ಳುವುದು ಒಳಿತು.

ಕಥೋಲಿಕ ಬೋಧನೆಯ ಪ್ರಕಾರ ಧರ್ಮಸಭೆಯು ಜನರು ತಮ್ಮ ಅನುಕೂಲಕ್ಕೆಂದು ಕಟ್ಟಿಕೊಂಡ ಸಂಘವಲ್ಲ. ಅದನ್ನು ಸ್ಥಾಪಿಸಿದವನು ಕ್ರಿಸ್ತ. ಅವನು ತನ್ನ ಪ್ರೇಷಿತರಿಗೆ ಬೋಧಿಸುವ, ಪವಿತ್ರೀಕರಿಸುವ, ನಡೆಯಿಸುವ ಹೊಣೆಯನ್ನು ಕೊಟ್ಟ. ಅವರಲ್ಲಿ ಪೇತ್ರನಿಗೆ ಮೊದಲ ಸ್ಥಾನವನ್ನು ಕೊಟ್ಟ. ಪ್ರೇಷಿತರ ಉತ್ತರಾಧಿಕಾರಿಗಳು ಧರ್ಮಾಧ್ಯಕ್ಷರು, ಪೇತ್ರನ ಉತ್ತರಾಧಿಕಾರಿ ಪೋಪ್. ಆದಕಾರಣ ಈ ಅಧಿಕಾರವು ಅರಸನು ದಯಪಾಲಿಸಿದ್ದೂ ಅಲ್ಲ, ಬಹುಮತದಿಂದ ಬಂದದ್ದೂ ಅಲ್ಲ. ೧೮೭೦ರ ಜುಲೈ ೧೮ರಂದು ಮೊದಲನೆಯ ವ್ಯಾಟಿಕನ್ ಮಹಾಸಭೆ ಪೋಪರ ಪರಮಾಧಿಕಾರವನ್ನೂ ಅವರ ಬೋಧನೆಯ ಪ್ರಮಾದರಾಹಿತ್ಯವನ್ನೂ ಘೋಷಿಸಿದ್ದು ಈ ವಿಚಾರದ ಶಿಖರವೆನ್ನಬಹುದು. ಪೋಪರು ಎಂದೂ ತಪ್ಪು ಮಾಡುವುದಿಲ್ಲವೆಂದು ಇದರ ಅರ್ಥವಲ್ಲ. ಅವರು ಪೇತ್ರನ ಪೀಠದಿಂದ, ಸಮಸ್ತ ಧರ್ಮಸಭೆಯ ಗುರುವಾಗಿ, ವಿಶ್ವಾಸ ಅಥವಾ ನೀತಿಗೆ ಸೇರಿದ ಒಂದು ವಿಷಯವನ್ನು ಎಲ್ಲರೂ ಒಪ್ಪತಕ್ಕದ್ದೆಂದು ನಿರ್ಣಯಿಸಿ ಹೇಳಿದಾಗ ಮಾತ್ರ ಆ ಮಾತು ಸಲ್ಲುತ್ತದೆ. ೧೮೭೦ರಿಂದೀಚೆಗೆ ಇಂತಹ ವಿಧಿವತ್ತಾದ ಘೋಷಣೆ ನಡೆದದ್ದು ಒಂದೇ ಸಲ: ೧೯೫೦ರ ನವೆಂಬರ್ ೧ರಂದು, ಮರಿಯಮ್ಮನವರ ಸ್ವರ್ಗಾರೋಹಣವನ್ನು ಕುರಿತು.

ಎರಡನೆಯ ವ್ಯಾಟಿಕನ್ ಮಹಾಸಭೆಯು ಈ ಬೋಧನೆಯನ್ನು ಅಳಿಸಲಿಲ್ಲ. ಅದಕ್ಕೆ ತಕ್ಕ ಸ್ಥಾನವನ್ನು ಗೊತ್ತುಮಾಡಿತು. ಧರ್ಮಸಭೆಯನ್ನು ಕುರಿತು ೧೯೬೨ರಲ್ಲಿ ಮುಂದಿಟ್ಟ ಮೊದಲ ಕರಡು ಧರ್ಮಾಧ್ಯಕ್ಷರಿಗೆ ರುಚಿಸಲಿಲ್ಲ. ಮುಂದೆ ತಿದ್ದುಪಾಟಿನಲ್ಲಿ ಅಧ್ಯಾಯಗಳ ಕ್ರಮವೇ ಬದಲಾಯಿತು: ಮೊದಲು ಧರ್ಮಸಭೆಯ ರಹಸ್ಯ, ಎರಡನೆಯದಾಗಿ ದೇವಜನ, ಮೂರನೆಯದಾಗಿ ಅಧಿಕಾರಶ್ರೇಣಿ, ಅದಾದ ಮೇಲೆ ಶ್ರೀಸಾಮಾನ್ಯರು. ದೀಕ್ಷಾಸ್ನಾನವನ್ನು ಪಡೆದವರೆಲ್ಲರೂ, ಪೋಪರಿಂದ ಹಿಡಿದು ಕೂಲಿಕಾರನವರೆಗೆ, ಮೊದಲು ಒಂದೇ ಜನ. ಅಧಿಕಾರವು ಆ ಜನದೊಳಗೆ, ಆ ಜನಕ್ಕಾಗಿ ಇರತಕ್ಕ ಸೇವೆ ಎಂಬುದು ಈ ಕ್ರಮದ ತಾತ್ಪರ್ಯ. ಬರಿಯ ಅಧ್ಯಾಯಗಳನ್ನು ಹಿಂದುಮುಂದು ಮಾಡಿದ್ದರಲ್ಲಿ ಇಷ್ಟು ಅರ್ಥವಿದೆಯೆ ಎಂದು ಸಂಶಯಪಡಬೇಕಾಗಿಲ್ಲ. ಶಾಸ್ತ್ರಗ್ರಂಥಗಳಲ್ಲಿ ಯಾವುದನ್ನು ಮೊದಲು ಹೇಳಿದೆಯೆಂಬುದೇ ಅರ್ಧ ಸಿದ್ಧಾಂತವೆಂಬುದು ನಮ್ಮ ಪಂಡಿತರಿಗೂ ತಿಳಿದ ಸಂಗತಿ. ೧೯೬೪ರ ನವೆಂಬರ್ ೨೧ರಂದು ಈ ಶಾಸನವು ೨೧೫೧ ಮತಗಳಿಂದ ಅಂಗೀಕೃತವಾಯಿತು. ವಿರೋಧವಾಗಿ ಬಿದ್ದ ಮತಗಳು ಐದೇ. ಸಮಸ್ತ ವಿಶ್ವಾಸಿಗಳ ಸಮೂಹವು ಏಕಾಭಿಪ್ರಾಯದಿಂದ ನಂಬಿದ ವಿಷಯದಲ್ಲಿ ಪ್ರಮಾದಕ್ಕೆ ಒಳಗಾಗದೆಂದೂ, ಧರ್ಮಾಧ್ಯಕ್ಷರೆಲ್ಲರೂ ಪೋಪರೊಡನೆ ಕೂಡಿ ಒಂದು ಮಂಡಲವಾಗುತ್ತಾರೆಂದೂ ಅದು ಹೇಳಿತು. ಧರ್ಮಸಭೆ ಪವಿತ್ರವಾದದ್ದು, ಹಾಗಿದ್ದೂ ಸದಾ ಶುದ್ಧಿಯನ್ನು ಬಯಸತಕ್ಕದ್ದು ಎಂಬ ಮಾತೂ ಅದರಲ್ಲಿಯೇ ಇದೆ.

ಇದು ತತ್ತ್ವ. ತತ್ತ್ವವು ನೆಲಕ್ಕೆ ಇಳಿದಾಗ ಏನಾಗುತ್ತದೆಂಬುದನ್ನು ನಮ್ಮ ನೆಲದ ಪ್ರಸಂಗ ತೋರಿಸುತ್ತದೆ.

ಹದಿನಾರನೆಯ ಶತಮಾನದಲ್ಲಿ ಪೂರ್ವದೇಶಗಳ ಕ್ರೈಸ್ತ ಕಾರ್ಯದ ಪೋಷಕತ್ವವನ್ನು ಪೋಪರು ಪೋರ್ತುಗಾಲಿನ ದೊರೆಗೆ ಒಪ್ಪಿಸಿದ್ದರು. ಇದಕ್ಕೆ ‘ಪಾದ್ರೊವಾದೊ’ ಎಂದು ಹೆಸರು. ಧರ್ಮಾಧ್ಯಕ್ಷರನ್ನು ಸೂಚಿಸುವ ಹಕ್ಕು ದೊರೆಯದು; ಇಗರ್ಜಿ ಕಟ್ಟಿಸುವ, ಗುರುಗಳನ್ನು ಸಾಕುವ ಹೊಣೆಯೂ ಅವನದೇ. ಅರಸನು ಅಧಿಕಾರದ ಮೂಲವಲ್ಲವೆಂದು ಬೋಧಿಸುವ ಸಭೆಯು ಅರಸನ ಕೈಗೇ ಬೀಗದ ಕೈಯನ್ನು ಕೊಟ್ಟಂತಾಯಿತು. ಇದರ ಕೇಡನ್ನು ಮನಗಂಡು ರೋಮು ೧೬೨೨ರಲ್ಲಿ ‘ಪ್ರೊಪಗಾಂದಾ’ ಎಂಬ ಧರ್ಮಪ್ರಸಾರ ಮಂಡಳಿಯನ್ನು ಸ್ಥಾಪಿಸಿತು.

ಗೋವೆಯ ದಿವಾಡಿ ದ್ವೀಪದ ಬ್ರಾಹ್ಮಣ ಮೂಲದ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದ ಮತೇವುಸ್ ದ ಕಾಸ್ತ್ರೊ ಎಂಬ ತರುಣರು ಗುರುದೀಕ್ಷೆಯನ್ನು ಬಯಸಿದರು. ಗೋವೆಯ ಅಧಿಕಾರಿಗಳು ಕೊಡಲಿಲ್ಲ. ಅವರು ಬಹುದೂರದ ದಾರಿಯನ್ನು ಸವೆಸಿ ರೋಮನ್ನು ಸೇರಿ, ಅಲ್ಲಿ ಓದಿ, ದೀಕ್ಷೆಯನ್ನು ಪಡೆದು ಮರಳಿದರು. ರೋಮಿನ ಆಜ್ಞಾಪತ್ರ ಕೈಯಲ್ಲಿದ್ದರೂ ಗೋವೆಯಲ್ಲಿ ಅವರಿಗೆ ಮನ್ನಣೆ ದೊರೆಯಲಿಲ್ಲ. ಮತ್ತೆ ರೋಮಿಗೆ ಹೋದಾಗ, ೧೬೩೭ರಲ್ಲಿ, ಪ್ರೊಪಗಾಂದಾ ಮಂಡಳಿ ಅವರನ್ನು ಧರ್ಮಾಧ್ಯಕ್ಷರನ್ನಾಗಿ ಮಾಡಿಸಿ ಆದಿಲಶಾಹಿಯ ಸೀಮೆಗೆ, ಎಂದರೆ ವಿಜಾಪುರ ರಾಜ್ಯಕ್ಕೆ, ಪೋಪರ ಪ್ರತಿನಿಧಿಯಾಗಿ ಕಳಿಸಿತು. ಧಾರವಾಡದ ಕೋಟೆ ೧೫೭೩ರಲ್ಲಿಯೇ ಆದಿಲಶಾಹಿಯ ವಶವಾಗಿತ್ತೆಂಬುದನ್ನು ನೆನೆದರೆ, ನಮ್ಮ ಈ ಎರೆಯ ನಾಡಿಗೂ ಕಾಗದದ ಮೇಲೆ ಧರ್ಮಾಧ್ಯಕ್ಷರಾದವರು ಈ ದೇಶದವರೇ ಎಂಬುದು ವಿಸ್ಮಯವನ್ನುಂಟುಮಾಡುತ್ತದೆ. ಕಾಸ್ತ್ರೊ ಅವರು ಆಗ ವಿಜಾಪುರಕ್ಕೆ ಸೇರಿದ್ದ ಡಿಚೋಲಿಯಲ್ಲಿ ನೆಲಸಿ, ಅಲ್ಲಿ ಇಗರ್ಜಿ ಕಟ್ಟಿಸಿದರು. ಪೋರ್ತುಗೀಜರೊಡನೆ ಅವರ ವೈರ ಎಷ್ಟು ಬೆಳೆಯಿತೆಂದರೆ, ಅವರು ವಿಜಾಪುರದ ಸುಲ್ತಾನನನ್ನು ಗೋವೆಯ ಮೇಲೆ ಎತ್ತಿಕಟ್ಟುತ್ತಿದ್ದಾರೆಂಬ ಆರೋಪವೂ ಬಂದಿತು. ಕೊನೆಗೆ ಅವರು ರೋಮಿಗೆ ಮರಳಿ ಅಲ್ಲಿಯೇ ತೀರಿಕೊಂಡರು. ಅವರಲ್ಲಿ ಹಟವೂ ಇದ್ದಿತು, ಕುಲಾಭಿಮಾನವೂ ಇದ್ದಿತು. ೧೬೫೩ರಲ್ಲಿ ಅವರು ತಮ್ಮ ಅಹವಾಲನ್ನು ಬರೆದು ಕಳಿಸಿದ್ದು ಗೋವೆಯ ಬ್ರಾಹ್ಮಣ ಕ್ರೈಸ್ತರಿಗೆ. ಆದರೂ ಅವರು ಎತ್ತಿದ ಪ್ರಶ್ನೆ ಅವರ ಗುಣದೋಷಗಳಿಗಿಂತ ದೊಡ್ಡದು: ದೀಕ್ಷಾಸ್ನಾನದಲ್ಲಿ ಸಮನಾದವನು ಗುರುದೀಕ್ಷೆಯಲ್ಲಿ ಏಕೆ ಸಮನಲ್ಲ?

ಇಬ್ಬರು ಒಡೆಯರ ಈ ಜಗಳ ಕಾಸ್ತ್ರೊ ಅವರೊಡನೆ ಮುಗಿಯಲಿಲ್ಲ. ಘಟ್ಟದ ಕೆಳಗೆ ಕನ್ನಡ ಜಿಲ್ಲೆಯಲ್ಲಿ ಅವರ ಬಂಧು ತೋಮಸ್ ದ ಕಾಸ್ತ್ರೊ ಅವರು ೧೬೭೭ರಲ್ಲಿ ರೋಮಿನ ಪ್ರತಿನಿಧಿಯಾಗಿ ಮಂಗಳೂರಿಗೆ ಬಂದರು. ಗೋವೆಯವರು ಅವರನ್ನು ಒಪ್ಪಲಿಲ್ಲ. ಯಾರ ಆಜ್ಞೆ ನಡೆಯಬೇಕೆಂದು ವಿಶ್ವಾಸಿಗಳು ಕಂಗೆಟ್ಟಿದ್ದಾಗ, ೧೬೮೧ರಲ್ಲಿ ಗೋವೆಯ ಕಡೆಯಿಂದ ಜೋಸೆಫ್ ವಾಜ್ ಎಂಬ ಗುರುಗಳು ಬಂದರು. ತಮ್ಮನ್ನು ಕಳಿಸಿದ ಪಕ್ಷದ ವಾದವನ್ನೇ ಬೆಳೆಸುತ್ತ ಕೂಡದೆ ಅವರು ಧರ್ಮಾಧ್ಯಕ್ಷರನ್ನು ಕಂಡು ಸಂಧಾನಕ್ಕೆ ಶ್ರಮಪಟ್ಟರು. ಉಳಿದ ಕಾಲವನ್ನು ಊರೂರು ತಿರುಗಿ ಜನರ ಸೇವೆಯಲ್ಲಿ ಕಳೆದರು. ಮುಂದೆ ಸಿಂಹಳಕ್ಕೆ ಹೋಗಿ ಅಲ್ಲಿಯೇ ದೇಹವಿಟ್ಟ ಇವರನ್ನು ೨೦೧೫ರ ಜನವರಿ ೧೪ರಂದು ಕೊಲಂಬೊ ನಗರದಲ್ಲಿ ಪೋಪ್ ಫ್ರಾನ್ಸಿಸ್ ಅವರು ಸಂತರೆಂದು ಸಾರಿದರು. ಸಂತಪದವಿಗೇರಿದವರು ಹಕ್ಕಿಗಾಗಿ ಕಾದಾಡಿದ ಅಧಿಕಾರಿಗಳಲ್ಲ, ಇಬ್ಬರ ನಡುವೆ ಸೇತುವೆಯಾಗಲು ಹೆಣಗಿದ ಸಾಮಾನ್ಯ ಗುರುಗಳು ಎಂಬುದು ಗಮನಿಸತಕ್ಕದ್ದು.

ಇಬ್ಬಗೆಯ ಒಡೆತನವೆಂದರೇನೆಂದು ಕುಂದಗೋಳದ ಸುತ್ತಿನವರಿಗೆ ವಿವರಿಸಬೇಕಾಗಿಲ್ಲ. ೧೯೪೮ರಲ್ಲಿ ವಿಲೀನವಾಗುವವರೆಗೆ ಕುಂದಗೋಳವು ದೂರದ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದರೆ, ಹತ್ತಿರದ ಹುಬ್ಬಳ್ಳಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಒಂದೇ ನೆಲ, ಒಂದೇ ನುಡಿ. ಒಡೆಯರು ಮಾತ್ರ ಬೇರೆ. ಧರ್ಮಸಭೆಯಲ್ಲಿಯೂ ಹೀಗೆಯೇ ಆಯಿತು. ೧೮೮೬ರಲ್ಲಿ ರೋಮು ಮತ್ತು ಪೋರ್ತುಗಾಲು ಒಪ್ಪಂದ ಮಾಡಿಕೊಂಡವು. ಆದರೂ ಗೋವೆಯ ಹಕ್ಕು ಬ್ರಿಟಿಷ್ ಸೀಮೆಯ ಕೆಲವು ಭಾಗಗಳಲ್ಲಿ ಉಳಿದೇ ಇತ್ತು. ಭಾರತ ಸ್ವತಂತ್ರವಾದ ಮೇಲೆ, ೧೯೫೩ರ ಸೆಪ್ಟೆಂಬರ್ ೧೯ರಂದು, ಗೋವೆ ಮತ್ತು ಪುಣೆಯ ಸೀಮೆಗಳಿಂದ ಬಿಡಿಸಿ ಬೆಳಗಾವಿ ಧರ್ಮಪ್ರಾಂತವನ್ನು ರಚಿಸಲಾಯಿತು. ಧಾರವಾಡ ಜಿಲ್ಲೆಯ ಕಥೋಲಿಕರು ಅದಕ್ಕೆ ಸೇರಿದರು. ಕರ್ನಾಟಕದ ಏಕೀಕರಣಕ್ಕೆ ಮೂರು ವರುಷ ಮೊದಲೇ ಈ ಭಾಗದ ಕಥೋಲಿಕರ ಸೀಮೆ ಹೀಗೆ ಒಂದುಗೂಡಿತೆನ್ನಬಹುದು.

ಸೀಮೆಯ ಪ್ರಶ್ನೆ ಹೀಗೆ ಬಗೆಹರಿಯಿತು. ನುಡಿಯ ಪ್ರಶ್ನೆ ಉಳಿಯಿತು. ೧೯೬೩ರ ಡಿಸೆಂಬರ್ ೪ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಪೂಜಾವಿಧಿಯಲ್ಲಿ ದೇಶಭಾಷೆಗಳಿಗೆ ಅವಕಾಶವನ್ನು ಕೊಟ್ಟಾಗ, ದೇಶಭಾಷೆ ಎಂದರೆ ಯಾವುದೆಂಬ ಪ್ರಶ್ನೆ ಕರ್ನಾಟಕದಲ್ಲಿ ತಟ್ಟನೆ ಎದ್ದಿತು. ಮಂಗಳೂರಿನಲ್ಲಿ ಕೊಂಕಣಿ, ಬೆಳಗಾವಿಯ ಕಡೆ ಕೊಂಕಣಿ ಮರಾಠಿ ಕನ್ನಡಗಳು, ಬೆಂಗಳೂರಿನಲ್ಲಿ ತಮಿಳು ಕನ್ನಡ ಇಂಗ್ಲಿಷುಗಳು. ಹದಿನೇಳನೆಯ ಶತಮಾನದ ನಡುವಿನಲ್ಲಿಯೇ ಚಿನ್ನಮಿ ಎಂಬ ಇಟಲಿಯ ಗುರುಗಳು ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡವನ್ನು ಕಲಿತು ಮೈಸೂರು ಸೀಮೆಯಲ್ಲಿ ಕನ್ನಡಿಗ ಕಥೋಲಿಕರ ಪರಂಪರೆಯನ್ನು ಆರಂಭಿಸಿದ್ದರು. ಹೀಗಿದ್ದರೂ ಬೆಂಗಳೂರಿನ ದೇವಾಲಯಗಳಲ್ಲಿ ಕನ್ನಡದ ಬಲಿಪೂಜೆಗೆ ತಕ್ಕ ಸ್ಥಾನ ದೊರೆಯಲಿಲ್ಲವೆಂದು ಕನ್ನಡ ಕಥೋಲಿಕರು ದಶಕಗಳ ಕಾಲ ಹೋರಾಡಿದರು. ಮನವಿಗಳಿಂದ ಮೊದಲಾದದ್ದು ಬೀದಿಗೂ ಬಂದಿತು. ತಮಿಳು ಮಾತಿನ ಕಥೋಲಿಕರಿಗೂ ತಮ್ಮದೇ ಆದ ಅಳಲು ಇದ್ದಿತು: ತಲೆಮಾರುಗಳಿಂದ ತಾವು ಪ್ರಾರ್ಥಿಸಿದ ನುಡಿ ತಮ್ಮ ದೇವಾಲಯದಿಂದ ದೂರವಾಗುವುದೇ ಎಂಬ ಭಯ. ಇಲ್ಲಿ ಯಾರೂ ಪೋಪರ ಪರಮಾಧಿಕಾರವನ್ನು ಅಲ್ಲಗಳೆಯಲಿಲ್ಲ, ವಿಶ್ವಾಸಸೂತ್ರದ ಒಂದು ಅಕ್ಷರವನ್ನೂ ಪ್ರಶ್ನಿಸಲಿಲ್ಲ. ಅವರು ಕೇಳಿದ್ದು ಒಂದೇ: ನಮ್ಮ ಮಾತನ್ನು ಯಾರು ಆಲಿಸುತ್ತಾರೆ?

ಈ ಅನುಸಂಧಾನಕ್ಕೆ ಬೇರೊಂದು ದಾರಿಯನ್ನು ಹುಡುಕಿದವರೂ ನಮ್ಮ ಸೀಮೆಯಲ್ಲಿಯೇ ಇದ್ದಾರೆ. ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿ ಯೇಸುಸಭೆಯ ಗುರುಗಳು ಕಾವಿಯನ್ನುಟ್ಟು, ಸ್ವಾಮಿಗಳೆಂದು ಕರೆಯಿಸಿಕೊಂಡು, ತಮ್ಮ ನೆಲೆಗೆ ಸ್ನಾನಿಕ ಅರುಳಪ್ಪನವರ ವಿರಕ್ತ ಮಠವೆಂದು ಹೆಸರಿಟ್ಟರು. ಕ್ರಿಸ್ತನಿಗೆ ದೀಕ್ಷಾಸ್ನಾನ ಮಾಡಿಸಿದ ಯೊವಾನ್ನನೇ ಈ ಅರುಳಪ್ಪ. ಇದನ್ನು ವೇಷವೆಂದು ಸಂದೇಹದಿಂದ ನೋಡುವವರೂ ಇರಬಹುದು. ನನಗೆ ಕಾಣುವುದೇನೆಂದರೆ, ಅವರು ‘ಪೀಠ’ ಎಂಬ ಶಬ್ದವನ್ನು ಆರಿಸದೆ ‘ವಿರಕ್ತ ಮಠ’ ಎಂಬ ಶಬ್ದವನ್ನು ಆರಿಸಿದರು. ಇಲ್ಲಿಯ ಜನ ಗುರುವನ್ನು ಯಾವ ಗುಣದಿಂದ ಗುರುತಿಸುತ್ತಾರೆಂಬುದನ್ನು ಅವರು ಅರಿತಿದ್ದರು.

ಹಾಗಾದರೆ ಅಧಿಕಾರವನ್ನೆಲ್ಲ ಜನರ ಬಹುಮತಕ್ಕೆ ಬಿಟ್ಟರೆ ತೀರಿತಲ್ಲವೆ? ಇಷ್ಟು ಸುಲಭವಾಗಿ ಹೇಳಲು ಬರುವುದಿಲ್ಲ. ಕಾಸ್ತ್ರೊ ಅವರ ಪ್ರಸಂಗವನ್ನೇ ನೋಡಿ. ಅಂದಿನ ಗೋವೆಯ ಅಧಿಕಾರವರ್ಗದ ಅಭಿಪ್ರಾಯ ಕೇಳಿದ್ದರೆ ಅವರಿಗೆ ದೀಕ್ಷೆ ಎಂದೂ ದೊರೆಯುತ್ತಿರಲಿಲ್ಲ. ಸ್ಥಳೀಯ ಪ್ರಬಲರ ಕೈಯಿಂದ ಅವರನ್ನು ಪಾರುಮಾಡಿದ್ದು ದೂರದ ಪೀಠವೇ. ಊರ ಪಂಚರ ಅನ್ಯಾಯಕ್ಕೆ ಊರ ಹೊರಗಿನ ನ್ಯಾಯಸ್ಥಾನ ಬೇಕಾಗುತ್ತದೆ. ಇನ್ನೊಂದು ಕಡೆ, ಕೇರಳದ ಸಿರೊ-ಮಲಬಾರ್ ಧರ್ಮಸಭೆಯ ಉದಾಹರಣೆ ಇದೆ. ಕರ್ನಾಟಕದಲ್ಲಿಯೂ ಈ ಧರ್ಮಸಭೆಗೆ ೧೯೯೯ರಲ್ಲಿ ರಚಿತವಾದ ಬೆಳ್ತಂಗಡಿ ಮೊದಲಾದ ಧರ್ಮಪ್ರಾಂತಗಳಿವೆ. ೨೦೨೧ರಲ್ಲಿ ಅದರ ಧರ್ಮಾಧ್ಯಕ್ಷರ ಮಂಡಲಿ, ಬಲಿಪೂಜೆಯಲ್ಲಿ ಗುರುಗಳು ಯಾವ ಭಾಗದಲ್ಲಿ ಜನರ ಕಡೆಗೆ, ಯಾವ ಭಾಗದಲ್ಲಿ ಪೀಠದ ಕಡೆಗೆ ಮುಖಮಾಡಬೇಕೆಂದು ಏಕರೂಪದ ನಿಯಮವನ್ನು ಮಾಡಿತು. ಎರ್ನಾಕುಲಂ ಮಹಾಧರ್ಮಪ್ರಾಂತದ ಬಹುಮಂದಿ ಗುರುಗಳೂ ಜನರೂ ಅದನ್ನು ಒಪ್ಪಲಿಲ್ಲ. ೨೦೨೨ರಲ್ಲಿ ಅಲ್ಲಿಯ ಪ್ರಧಾನ ದೇವಾಲಯಕ್ಕೆ ಬೀಗ ಬಿದ್ದಿತು; ಪೋಪರ ಮನವಿಯಿಂದಲೂ ಜಗಳ ಬೇಗ ಶಮನವಾಗಲಿಲ್ಲ. ನಿಯಮ ಮಾಡಿದವರಿಗೆ ಅಧಿಕಾರವಿರಲಿಲ್ಲವೆಂದು ಹೇಳುವಂತಿಲ್ಲ. ಅಧಿಕಾರವಿತ್ತು, ಅದು ಮಾತ್ರವೇ ಸಾಲಲಿಲ್ಲ.

ಇಲ್ಲಿಯೇ ಪ್ರಸ್ತುತ ಚರ್ಚೆಯ ತಿರುಳಿದೆ. ೧೯೮೩ರ ಧರ್ಮಸಭಾ ಸಂವಿಧಾನದ ೫೩೬ನೆಯ ನಿಯಮದಂತೆ ಧರ್ಮಕೇಂದ್ರದ ಪಾಲನಾ ಪರಿಷತ್ತಿಗೆ ಇರುವುದು ಸಲಹೆಯ ಹಕ್ಕು ಮಾತ್ರ. ಆ ಪರಿಷತ್ತು ಇರಲೇಬೇಕೆಂದೂ ಇಲ್ಲ, ಧರ್ಮಾಧ್ಯಕ್ಷರು ಉಚಿತವೆಂದು ಕಂಡರೆ ಉಂಟು. ೨೦೨೪ರ ದಸ್ತಾವೇಜು ಇಂತಹ ಪರಿಷತ್ತುಗಳು ಕಡ್ಡಾಯವಾಗಬೇಕೆಂದೂ, ‘ಬರಿಯ ಸಲಹೆ’ ಎಂಬ ಕಾನೂನಿನ ನುಡಿಯನ್ನು ಮರುಪರಿಶೀಲಿಸಬೇಕೆಂದೂ, ಅಧಿಕಾರದಲ್ಲಿರುವವರು ತಮ್ಮ ಕಾರ್ಯಕ್ಕೆ ಲೆಕ್ಕ ಒಪ್ಪಿಸಬೇಕೆಂದೂ ಕೇಳಿತು. ನಿರ್ಣಯದ ಹಕ್ಕು ಧರ್ಮಾಧ್ಯಕ್ಷರದೇ ಎಂಬುದನ್ನು ಅದು ಬದಲಿಸಲಿಲ್ಲ. ಆದರೆ ಸಮಾಲೋಚನೆಯಲ್ಲಿ ಮೂಡಿಬಂದ ಮಾತನ್ನು ನಿರ್ಣಯ ಮಾಡುವವರು ಕೇಳದವರಂತೆ ಇರಲು ಬಾರದೆಂದು ಹೇಳಿತು. ಇದಕ್ಕೆ ಪೂರ್ವಭಾವಿಯಾಗಿ ೨೦೧೭ರಲ್ಲಿಯೇ ಪೋಪ್ ಫ್ರಾನ್ಸಿಸ್ ಅವರು ಪೂಜಾಗ್ರಂಥಗಳ ಅನುವಾದದ ಹೊಣೆಯನ್ನು ಹೆಚ್ಚಿನ ಮಟ್ಟಿಗೆ ಆಯಾ ನಾಡಿನ ಧರ್ಮಾಧ್ಯಕ್ಷರ ಮಂಡಲಿಗಳಿಗೆ ವಹಿಸಿದ್ದರು. ಕನ್ನಡದ ಪ್ರಾರ್ಥನೆ ಹೇಗಿರಬೇಕೆಂದು ಕನ್ನಡ ಬಲ್ಲವರು ತೀರ್ಮಾನಿಸುವುದು ಸಹಜವಾದ ನ್ಯಾಯ. ಆದರೆ ಅದು ರೋಮಿನ ಕಾನೂನಿನಲ್ಲಿ ಕಾಣಿಸಿಕೊಳ್ಳಲು ಇಷ್ಟು ಕಾಲ ಬೇಕಾಯಿತು.

ಅಧಿಕಾರದ ಮೂಲ ಯಾವುದು ಎಂಬುದು ಒಂದು ಪ್ರಶ್ನೆ. ಅದು ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದೆಯೆ ಎಂಬುದು ಇನ್ನೊಂದು. ಕಥೋಲಿಕರು ಮೊದಲನೆಯ ಪ್ರಶ್ನೆಗೆ ಕ್ರಿಸ್ತನನ್ನೂ ಪ್ರೇಷಿತರ ಪರಂಪರೆಯನ್ನೂ ತೋರಿಸುತ್ತಾರೆ. ಆ ಉತ್ತರ ಅವರ ವಿಶ್ವಾಸಕ್ಕೆ ಸೇರಿದ್ದು, ಹೊರಗಿನವರು ಅದರೊಡನೆ ಜಗಳವಾಡಬೇಕಾದ್ದಿಲ್ಲ. ಆದರೆ ಮೊದಲನೆಯ ಉತ್ತರವನ್ನೇ ಎರಡನೆಯದಕ್ಕೂ ಕೊಡುವುದು ಸರಿಯಲ್ಲ. ಗೋವೆಯ ಅಧಿಕಾರಿಗಳು ಮಾಡಿದ ತಪ್ಪು ಇದೇ: ತಮ್ಮ ಅಧಿಕಾರ ನ್ಯಾಯವಾಗಿ ಬಂದದ್ದಾದ್ದರಿಂದ ತಾವು ನಡೆಯಿಸಿದ್ದೆಲ್ಲ ನ್ಯಾಯವೆಂದು ಅವರು ಬಗೆದರು. ದೇವಜನದ ಅಧ್ಯಾಯವನ್ನು ಅಧಿಕಾರಶ್ರೇಣಿಯ ಅಧ್ಯಾಯಕ್ಕಿಂತ ಮೊದಲಿಟ್ಟ ೧೯೬೪ರ ಶಾಸನವು ಈ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿತು. ೨೦೨೪ರ ದಸ್ತಾವೇಜು ಎರಡನೆಯ ಪ್ರಶ್ನೆಗೆ ಕಾನೂನಿನ ರೂಪವನ್ನು ಹುಡುಕುತ್ತಿದೆ. ರೂಪ ದೊರೆಯದಿದ್ದರೆ ಒಳ್ಳೆಯ ಮಾತುಗಳು ಒಳ್ಳೆಯ ಧರ್ಮಾಧ್ಯಕ್ಷರ ಕಾಲದಲ್ಲಿ ನಡೆದು, ಇನ್ನೊಬ್ಬರ ಕಾಲದಲ್ಲಿ ಮರೆಯಾಗುವ ಭಯವಿದೆ.

ಇದರಲ್ಲಿ ನಮಗೂ ಪಾಠವಿಲ್ಲದಿಲ್ಲ. ಉತ್ತರಾಧಿಕಾರದ ವ್ಯಾಜ್ಯಗಳನ್ನು ನ್ಯಾಯಾಲಯದ ಮೆಟ್ಟಲು ಹತ್ತಿಸುವ ಮಠಗಳು ನಮ್ಮಲ್ಲಿಯೂ ಇವೆ; ಭಕ್ತರನ್ನು ಕೇಳಿಯೂ ಕೇಳದಂತೆ ನಡೆಯುವ ಆಡಳಿತ ಮಂಡಳಿಗಳೂ ಇವೆ. ಒಂದು ಪುರಾತನ ಧರ್ಮಸಂಸ್ಥೆ ತನ್ನ ಪೀಠವನ್ನು ಬಿಟ್ಟುಕೊಡದೆ ಸಭೆಯ ಮಾತನ್ನು ಆಲಿಸುವ ಬಗೆಯನ್ನು ಕಲಿಯಲು ಯತ್ನಿಸುತ್ತಿರುವಾಗ, ನೆರೆಮನೆಯವರಾದ ನಾವು ಅದನ್ನು ಆಸಕ್ತಿಯಿಂದ ನೋಡಬೇಕು. ಕಥೋಲಿಕರಿಗೆ ‘ಧರ್ಮಸಭೆ’ ಎಂಬ ಶಬ್ದವನ್ನು ಕನ್ನಡವು ಕೊಟ್ಟು ಬಹುಕಾಲವಾಯಿತು. ಆ ಶಬ್ದದಲ್ಲಿರುವ ‘ಸಭೆ’ಗೆ ಧರ್ಮಕೇಂದ್ರದ ಪರಿಷತ್ತಿನಲ್ಲಿ, ಪೂಜೆಯ ನುಡಿಯಲ್ಲಿ, ಲೆಕ್ಕದ ಪುಸ್ತಕದಲ್ಲಿ ಎಷ್ಟು ಸ್ಥಾನ ದೊರೆಯುತ್ತದೆಂಬುದನ್ನು ಇನ್ನು ಬರುವ ವರುಷಗಳು ಹೇಳಬೇಕು.